ಮೋಡದ ಮೇಲಿನ ಹಾಸಿಗೆ

ಅಂಗಡಿಯ ಮಹಡಿ,
೧೨ನೇ ತಾರೀಖು, ಬುಧವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಹಾಸಿಗೆ ಅಂಗಡಿಯವರ ಮಗಳು ಗೆಳತಿಯ ಮನೆಯಲ್ಲಿ ಚಾಪೆಯ ಮೇಲೆ ಮಲಗುತ್ತಾಳೆಂದು ನೆನೆದರೆ ನನಗೇ ಮೈ ಚುಚ್ಚಿದಂತಾಗುತ್ತದೆ. ಅಪ್ಪನೊಡನೆ ಜಗಳವಾಡಿ ನೀನು ಹಿಂಬಾಗಿಲಿನಿಂದ ಹೊರಟುಹೋದ ಮೇಲೆ ಅಪ್ಪ ನಿನ್ನ ಹೆಸರೆತ್ತಿಲ್ಲ. ನನಗೆ ಎತ್ತಲು ಧೈರ್ಯವಿಲ್ಲ.

ಸುದ್ದಿಯೆಂದರೆ, ನಮ್ಮ ಅಂಗಡಿಗೂ ಇಂಟರ್‌ನೆಟ್ಟಿನಲ್ಲಿ ಒಂದು ಪುಟ ಬಂದಿದೆ. ಮಾಡಿದವನು ಚಿಕ್ಕಪ್ಪ. ಪುಟ ತೆರೆದರೆ ನಿನ್ನ ಕೋಣೆಯ ಕಿಟಕಿ, ಅದರಾಚೆ ಮೋಡ, ಮೋಡದ ಮೇಲೆ ನಿನ್ನದೇ ಹಾಸಿಗೆ ಮೆಲ್ಲಗೆ ತೇಲುತ್ತಿರುತ್ತದೆ. ಕೆಳಗೊಂದು ಫೋನ್ ನಂಬರು, ಅಷ್ಟೇ. ನೋಡುತ್ತಾ ಕೂತರೆ ನಾನೂ ಹತ್ತಿಯ ಎಳೆಯಂತೆ ಅದರ ಹಿಂದೆ ಹೋಗಿಬಿಡುತ್ತೇನೆ. ಆದರೆ ಫೋನ್ ಮಾಡಿದವರೆಲ್ಲ ಕೇಳಿದ್ದು, "ರೂಮ್ ಬಾಡಿಗೆ ಎಷ್ಟು?" ಲಾಡ್ಜ್ ಅಂದುಕೊಂಡಿದ್ದರು! ಅಪ್ಪ ಕೆಂಡವಾದ: "ಅಂಗಡಿ ಹಾಕು ಅಂದ್ರೆ ಆಕಾಶ ಹಾಕಿದ್ದೀಯಲ್ಲೋ!" ಆಮೇಲೆ ತಾನೇ ಪಕ್ಕದಲ್ಲಿ ಕೂತು ಹತ್ತಿಯ ಬಗೆ, ಉದ್ದಗಲ, ಬಟ್ಟೆಯ ಬಣ್ಣ, ಹಳೆ ದಿಂಬು ಬಿಚ್ಚಿ ಹೊಲಿಯುವ ವಿಷಯ ಎಲ್ಲವನ್ನೂ ತುರುಕಿಸಿದ. ಮೋಡ ಮುಚ್ಚಿಹೋಯಿತು. "ಅಣ್ಣಾ, ಇಷ್ಟು ತುಂಬಿದ್ರೆ ದಿಂಬೂ ಹರಿಯುತ್ತೆ" ಅಂದ ಚಿಕ್ಕಪ್ಪ. ಕೊನೆಗೆ ಇಬ್ಬರೂ ನನ್ನನ್ನು ಆ ಪುಟ ಓದಲು ಕೂರಿಸಿದರು. ನನ್ನ ಓದು ನಿನಗೆ ಗೊತ್ತಲ್ಲ, ಎತ್ತಿನಗಾಡಿ. ಅಂಗಡಿ ಎಲ್ಲಿದೆ ಎಂಬುದೇ ಸಿಗಲಿಲ್ಲ. ತಲೆ ತಗ್ಗಿಸಿಕೊಂಡೇ ಹೇಳಿದೆ: "ದಿಂಬಿನಲ್ಲಿ ತಲೆ ಇಡೋ ಕಡೆ ಗಂಟು ಇರಬಾರದು ಅಂತ ನೀನೇ ಹೇಳ್ತೀಯಲ್ಲಪ್ಪಾ, ಇದ್ರಲ್ಲಿ ಬರೀ ಗಂಟೇ." ಅಪ್ಪ ನಕ್ಕುಬಿಟ್ಟ, ಎಷ್ಟೋ ದಿನದ ಮೇಲೆ. ಈಗ ಮೇಲೆ ಮೋಡವಿದೆ, ಕೆಳಗೆ ನಾಲ್ಕು ಸಾಲು: ಏನು ಹೊಲಿಯುತ್ತೇವೆ, ಅಂಗಡಿ ಎಲ್ಲಿ, ಎಷ್ಟು ಹೊತ್ತಿನವರೆಗೆ, ಫೋನ್ ಯಾವುದು. ಉಳಿದದ್ದೆಲ್ಲ ಒಳಪುಟದಲ್ಲಿ. ಇದನ್ನು ಬರೆಯುವಾಗ ಬಿಸಿಲಿನಲ್ಲಿ ಹತ್ತಿಯ ಧೂಳು ತೇಲುತ್ತಿದೆ. ಪುಟದ ಮೋಡ ಯಾವುದು, ನಮ್ಮ ಹತ್ತಿ ಯಾವುದು, ಗೊತ್ತಾಗುತ್ತಿಲ್ಲ.

ಚೆನ್ನಾಗಿ ಹೊದ್ದು ಮಲಗು. ನಿನ್ನ ಗೆಳತಿಗೆ ನನ್ನ ನೆನಪು ಹೇಳು.

ನಿನ್ನ ತಂಗಿ,
ಅರಳೆ

ತಾ.ಕ.: ಅಕ್ಕಾ, ಇದನ್ನು ಮೊದಲೇ ಬರೆಯಬೇಕಿತ್ತು. ನಾಲ್ಕು ಸಾಲಿನ ಕೆಳಗೆ ಅಪ್ಪ ಇನ್ನೊಂದು ಸಾಲು ಹಾಕಿಸಿದ್ದಾನೆ: 'ಅಂಗಡಿ ಮುಚ್ಚಿದ್ದರೂ ಹಿಂಬಾಗಿಲು ತೆರೆದಿರುತ್ತದೆ.' "ಗಿರಾಕಿಗಳಿಗೆ ಇದ್ಯಾಕಣ್ಣಾ, ತೆಗೀಲಾ?" ಅಂದ ಚಿಕ್ಕಪ್ಪ. "ಬೇಕಾದ್ರೆ ಮೋಡ ತೆಗಿ. ಆ ಸಾಲು ಇರಲಿ" ಅಂದ ಅಪ್ಪ. ಮೊನ್ನೆ ಯಾರೋ ಗಿರಾಕಿ ಹಿಂದಿನಿಂದ ಬಂದರು. ಅಪ್ಪ ಹೊಲಿಗೆ ಬಿಟ್ಟು ಓಡಿದ, ಅವರನ್ನು ಕಂಡು ಮುಖ ಸಣ್ಣ ಮಾಡಿಕೊಂಡ. ಗಾಳಿಗೆ ಬಾಗಿಲು ಮುಚ್ಚದಿರಲೆಂದು ನಿನ್ನ ದಿಂಬನ್ನೇ ಅಡ್ಡ ಇಟ್ಟಿದ್ದಾನೆ. ಬರುವಾಗ ಎಡವೀಯೆ.