ಬೆರಳಿಗೆ ತಿಳಿಯದ ಗುಂಡುಪಿನ್ನು

ಮನೆಯಿಂದ, ಮಾರ್ಚ್ ಹನ್ನೊಂದು
ಹೊಲಿಗೆ ಮಷಿನ್ನಿನ ಸದ್ದು ನಿಂತಿರುವ ಮಧ್ಯಾಹ್ನ

ಪ್ರೀತಿಯ ಮೊಮ್ಮಗನೇ,

ನಿನ್ನ ಹಡಗು ಈಗ ಯಾವ ನೀರಿನ ಮೇಲಿದೆಯೋ, ನೀನು ಹೇಗಿದ್ದೀಯೋ? ಹಡಗಿನ ಅಡುಗೆಮನೆಯಲ್ಲಿ ಎಲ್ಲರಿಗೂ ಬಡಿಸಿ, ನೀನು ಮಾತ್ರ ನಿಂತುಕೊಂಡೇ ಗಬಗಬ ತಿನ್ನುವ ಚಾಳಿ ಬಿಟ್ಟೆಯಾ? ಮಂಡಿ ನೋವು ಬಿಟ್ಟರೆ ನಾನು ಗಟ್ಟಿ. ನಾಲಿಗೆ ಅದಕ್ಕಿಂತ ಗಟ್ಟಿ. ಫೋನಿರುವಾಗ ಮುದುಕಿ ಕಾಗದ ಏಕೆ ಗೀಚುತ್ತಾಳೆ ಅನ್ನಬೇಡ. ನನಗೆ ನಂಬರು ಒತ್ತಿಕೊಡುವವಳು ನಿನ್ನ ಹೆಂಡತಿ; ಒತ್ತಿಕೊಟ್ಟು ಪಕ್ಕದಲ್ಲೇ ಕಿವಿ ನೆಟ್ಟು ಕೂರುವವಳೂ ಅವಳೇ. ಈಗ ಹೊಲಿದ ಬಟ್ಟೆ ತಲುಪಿಸಲು ಹೋಗಿದ್ದಾಳೆ. ಬರುವುದರೊಳಗೆ ಮುಗಿಸಬೇಕು. ಅಕ್ಷರ ಕಾಗೆ ಕಾಲಾದರೆ ಸಹಿಸಿಕೋ, ನಾನು ಕಲಿತ ನಾಲ್ಕನೇ ಕ್ಲಾಸಿಗೆ ಇಷ್ಟೇ ದಕ್ಕಿದ್ದು.

ನಿನ್ನ ಹೆಂಡತಿ ಏನೋ ಮುಚ್ಚಿಡುತ್ತಿದ್ದಾಳೆ ಕಣೋ. ತೂಕ ಇಳಿಸುವ ಹೊಟ್ಟೆ ಆಪರೇಷನ್ ಆಗಿ ಎರಡು ವರ್ಷವಾಯಿತಲ್ಲ, ಮೈ ಅರ್ಧ ಇಳಿದಿದೆ. ಅಳತೆ ಕೊಡಲು ಬರುವ ಹೆಂಗಸರೆಲ್ಲ ‘ಅಯ್ಯೋ, ಎಷ್ಟು ಚೆಂದ ಆಗಿದ್ದೀರಾ!’ ಎಂದು ಹೊಗಳುವುದೇ ಹೊಗಳುವುದು. ಹೊಗಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಕನ್ನಡಿ ಮುಂದೆ ನಿಂತವಳನ್ನು ಅವರು ನೋಡುತ್ತಾರೆ, ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವವಳನ್ನು ನಾನು ನೋಡುತ್ತೇನೆ. ಕಾಲಿನ ಚಪ್ಪಲಿ ಕಳಚಿಬಿದ್ದರೆ ಬೀದಿಯ ತಿರುವಿನವರೆಗೂ ಇವಳಿಗೆ ಗೊತ್ತಾಗುವುದಿಲ್ಲ.

ಕದ್ದು ತಿನ್ನುತ್ತಿದ್ದಾಳೆ ಅಂದುಕೊಂಡು ಬಿಸ್ಕತ್ತಿನ ಡಬ್ಬಿಗೆ ಗುರುತು ಹಾಕಿಟ್ಟೆ, ಅಲುಗಿರಲಿಲ್ಲ. ತಿನ್ನುತ್ತಲೇ ಇಲ್ಲವೇನೋ ಎಂದು ಎದುರು ಕೂತು ಕಾದೆ. ಗುಬ್ಬಿಯ ಹಾಗಾದರೂ ತಿನ್ನುತ್ತಾಳೆ. ಹೋದ ವಾರ ಬಿಳಿ ಅಂಗಿಗೆ ಕಾಲರು ಕೂರಿಸುತ್ತಿದ್ದಳು. ಬಟ್ಟೆಯ ಮೇಲೆ ಕೆಂಪು ಚುಕ್ಕೆ. ನೋಡಿದರೆ ಗುಂಡುಪಿನ್ನು ಬೆರಳೊಳಗೇ ನಿಂತಿದೆ, ಇವಳು ಹಾಡು ಗುನುಗುತ್ತಿದ್ದಾಳೆ! ‘ಏನೇ, ಅದು ಬೆರಳೋ, ಪಿನ್ನು ಚುಚ್ಚಿಡೋ ದಿಂಬೋ?’ ಅಂದೆ. ‘ಹೊಲಿಯೋರ ಕೈ ಅಲ್ವಾ ಅಜ್ಜಿ, ಮರಗಟ್ಟಿರುತ್ತೆ’ ಎಂದು ನಕ್ಕಳು. ನನ್ನ ಕಿವಿಗೇ ಹೂವಿಡುತ್ತಾಳೆ! ಹೊಲಿಯುವವಳ ಬೆರಳು ಮರಗಟ್ಟಿತು ಅನ್ನೋಣ, ಪಾದಕ್ಕೇನು ಬಂತು? ಅವಳು ಕಾಲು ಚಾಚಿ ಕೂತು ಹರಟುತ್ತಿದ್ದಾಗ ತಣ್ಣನೆಯ ಚಮಚ ಅಂಗಾಲಿಗೆ ಒತ್ತಿದೆ. ಕಾಲು ಎಳೆದುಕೊಳ್ಳಲಿಲ್ಲ. ಮಾತೂ ನಿಲ್ಲಿಸಲಿಲ್ಲ.

ಆಮೇಲೆ ಪೊಲೀಸಿನವರೂ ನಾಚುವ ಹಾಗೆ ಬೀರು ಜಾಲಾಡಿದೆ. ಡಾಕ್ಟರು ಬರೆದುಕೊಟ್ಟ ಮಾತ್ರೆಗಳು ಸೀಲು ಒಡೆಯದೆ ಧೂಳು ಹಿಡಿದು ಕೂತಿವೆ. ಕಬ್ಬಿಣದ್ದು ಒಂದು ಹೊತ್ತಿಗೆ, ಕ್ಯಾಲ್ಸಿಯಂದು ಇನ್ನೊಂದು ಹೊತ್ತಿಗೆ, ಟೀ ಜೊತೆ ಬೇಡವೇ ಬೇಡ ಎಂದು ನನ್ನೆದುರೇ ಹೇಳಿದ್ದೆಲ್ಲ ಗಾಳಿಗೆ. ಔಷಧಿ ಅಂಗಡಿಯವನೇ ತಲೆ ಕೆಡಿಸಿದ್ದಾನೆ ಅಂದುಕೊಂಡು ಹೋಗಿ ಝಾಡಿಸಿದೆ. ‘ನನ್ನ ಯಾಕಜ್ಜಿ ಬೈತೀರ? ವಿಟಮಿನ್ ಬಿ ಹನ್ನೆರಡರ ಇಂಜೆಕ್ಷನ್ ತಗೊಂಡು ಹೋಗೋಕೂ ಅವರು ಬಂದು ವರ್ಷ ಆಯ್ತು’ ಅಂದ.

ನಿನ್ನೆ ನನ್ನ ಮಂಡಿ ತೋರಿಸಬೇಕು ಎಂದು ಸುಳ್ಳು ಹೇಳಿ ಡಾಕ್ಟರಮ್ಮನ ಬಳಿ ಎಳೆದುಕೊಂಡು ಹೋದೆ. ಅವರು ಇವಳ ಪಾದಕ್ಕೆ ತಟ್ಟಿದರೆ ನಡುಗುವ ಏನೋ ಕಬ್ಬಿಣದ ಕವೆಯಂಥದ್ದನ್ನು ತಾಗಿಸಿ ‘ಝುಂ ಅನ್ನುತ್ತಾ?’ ಎಂದರು. ಇಲ್ಲವಂತೆ. ರಕ್ತ ತೆಗೆಸಿದರು, ಇಂಜೆಕ್ಷನ್ ಅಲ್ಲೇ ಕೊಟ್ಟರು. ‘ಈ ಆಪರೇಷನ್ ಆದ್ಮೇಲೆ ಊಟದಲ್ಲಿರೋದು ಮೈಗೆ ಸರಿಯಾಗಿ ಹತ್ತಲ್ಲಮ್ಮ. ಬಿ ಹನ್ನೆರಡು ಕಮ್ಮಿಯಾದ್ರೆ ಕೈಕಾಲಿನ ನರವೇ ಸೊರಗುತ್ತೆ. ಮಾತ್ರೆ, ರಕ್ತ ಪರೀಕ್ಷೆ ಎರಡೂ ಜೀವ ಇರೋವರೆಗೂ ಬೇಕು. ಇನ್ನೂ ತಡ ಮಾಡಿದ್ರೆ ನರ ಮತ್ತೆ ಸರಿಹೋಗುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ’ ಅಂದರು. ಹೊಲಿಯುವವಳಿಗೆ ಬೆರಳೇ ಹೋದರೆ ಉಳಿಯುವುದೇನು? ಇವಳು ಎಲ್ಲಕ್ಕೂ ತಲೆಯಾಡಿಸಿದಳು. ಆ ತಲೆಯಾಟವನ್ನು ನಾನು ನಂಬುವುದಿಲ್ಲ. ಮನೆಗೆ ಬಂದವಳೇ ಹೊಸ ಮಾತ್ರೆಗಳನ್ನೂ ಬೀರುವಿಗೇ ಸೇರಿಸಿದಳು.

ಗೇಟಿನ ಸದ್ದಾಯಿತು. ಹೊತ್ತು ಹೊತ್ತಿಗೆ ಕೂತು ತಿನ್ನು. ಸಮುದ್ರ ನಿನ್ನ ಮೇಲೆ ಸಿಟ್ಟಾಗದಿರಲಿ, ನನ್ನ ಆಯಸ್ಸಿನಲ್ಲಿ ಉಳಿದಷ್ಟೂ ನಿನಗಿರಲಿ.

ನಿನ್ನ ಅಜ್ಜಿ

ತಾ.ಕ.: ಬಂದದ್ದು ಪಕ್ಕದ ಮನೆಯವಳು, ಕಳಿಸಿಬಿಟ್ಟೆ. ಹೇಳಬೇಕಾದದ್ದು ಇದು. ಮಾತ್ರೆಯ ಬದಲು ಅವಳು ತಿನ್ನುತ್ತಿರುವುದು ನೀನು ಕಳಿಸುವ ಆ ಮೆತ್ತನೆಯ ಬಣ್ಣದ ವಿಟಮಿನ್ ಮಿಠಾಯಿ. ಮಾತ್ರೆ ನುಂಗಿದರೆ ವಾಕರಿಕೆ ಎಂದು ಒಮ್ಮೆ ಅತ್ತಳೆಂದು ಕಳಿಸಲು ಶುರುಮಾಡಿದೆಯಲ್ಲ, ಅದೇ. ಇವಳು ರಕ್ತ ಕೊಡಲು ಹೋದಾಗ, ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿದ್ದ ಡಬ್ಬಿ ತೆಗೆದು ಡಾಕ್ಟರಮ್ಮನಿಗೆ ತೋರಿಸಿದೆ. ಅದರಲ್ಲಿ ಕಬ್ಬಿಣ ಇಲ್ಲವೇ ಇಲ್ಲ, ಇರುವುದು ಇವಳಿಗೆ ಎಲ್ಲಿಗೂ ಸಾಲದು ಅಂದರು. ದಾರಿಯಲ್ಲಿ ಕೇಳಿದರೆ, ‘ಅಷ್ಟು ದೂರದಿಂದ ಕಳಿಸ್ತಾರೆ, ಬೇಡ ಅಂದ್ರೆ ನೊಂದ್ಕೋತಾರೆ ಅಜ್ಜಿ’ ಅನ್ನುತ್ತಾಳೆ ಈ ಮಂಕು. ನಿನ್ನ ಡಬ್ಬಿಯ ಮುಂದೆ ಡಾಕ್ಟರಮ್ಮನೂ ಇಲ್ಲ, ನಾನೂ ಇಲ್ಲ. ಅದನ್ನು ಬಿಸಾಕು, ಮಾತ್ರೆ ನುಂಗು, ವಾಕರಿಕೆ ಬಂದರೆ ಬೇರೆ ಬರೆಸಿಕೋ ಎಂದು ನೀನೇ ಫೋನಿನಲ್ಲಿ ಹೇಳು. ನಾನು ಬರೆದೆ ಅನ್ನಬೇಡ. ಖಾಲಿ ಡಬ್ಬಿಗಳನ್ನೂ ತೊಳೆದು, ಗುಂಡಿ ತುಂಬಿ, ಕಿಟಕಿಯಲ್ಲಿ ಸಾಲಾಗಿ ಇಟ್ಟುಕೊಂಡಿದ್ದಾಳೆ. ಇವತ್ತು ಬೆಳಿಗ್ಗೆ ಅಂಗಿಗೊಂದು ಗುಂಡಿ ಬೇಕಾಯಿತು. ಬೆರಳು ಹಾಕಿ ಎಷ್ಟು ತಡಕಿದರೂ ಒಂದನ್ನೂ ಹಿಡಿಯಲಾಗದೆ, ಕೊನೆಗೆ ಡಬ್ಬಿಯನ್ನೇ ತಂದು ನನ್ನ ಮಡಿಲಿಗೆ ಸುರಿದಳು.