ತೊಳೆದ ಕ್ಯಾರೆಟ್

ಕಳವಾರ
೧೯-೨-೨೦೦೪, ಗುರುವಾರ

ಪ್ರೀತಿಯ ಅಣ್ಣಯ್ಯನಿಗೆ ತನುಜಳ ನಮಸ್ಕಾರ.

ಮದರಾಸಿನಲ್ಲಿ ಬಿಸಿಲು ಶುರುವಾಗಿರಬೇಕು. ತರಕಾರಿ ಮಂಡಿಯಲ್ಲಿ ಕೂತು ಊಟದ ಹೊತ್ತು ಮೀರಿಸಿಕೊಂಡು ಮತ್ತೆ ಹೊಟ್ಟೆನೋವು ತಂದುಕೊಳ್ಳಬೇಡ. ಅತ್ತಿಗೆಯ ಕೆಮ್ಮು ಕಡಿಮೆಯಾಯಿತೇ? ನಿನ್ನ ಸೋದರಳಿಯ ಸಿದ್ಧಾರ್ಥನಿಗೆ ಮೊನ್ನೆ ನಾಲ್ಕು ತಿಂಗಳು ತುಂಬಿತು. ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಆಟ. ಈಗೀಗ ಅವನು ಮಲಗಿದರೂ ನನಗೆ ಕಣ್ಣು ಮುಚ್ಚುವುದಿಲ್ಲ, ಅದು ಬೇರೆ ಮಾತು.

ಈ ಸಲ ನಮ್ಮ ಕಡೆ ಎಲ್ಲರೂ ಕ್ಯಾರೆಟ್ಟೇ ಹಾಕಿದ್ದಾರೆ. ಚಿಕ್ಕಬಳ್ಳಾಪುರದ ಮಾರ್ಕೆಟ್ಟಿನಲ್ಲಿ ರಾಶಿಗಳ ನಡುವೆ ಕಾಲಿಡಲು ಜಾಗವಿಲ್ಲ. ನಮ್ಮ ಮನೆಯವರು ಒಂದು ಟೆಂಪೊ ತುಂಬಿಕೊಂಡು ಚಿಂತಾಮಣಿಗೂ ಅಲೆದು ಹಾಗೇ ವಾಪಸ್ ತಂದರು. ಅಲ್ಲಿನ ದಲ್ಲಾಳಿ ಕೋನಪ್ಪ ಚೀಲದ ಬಾಯಿ ಬಿಚ್ಚಲೂ ಬಿಡದೆ, ‘ಮನೆಗ್ ತಗೊಂಡೋಗಿ ಹಲ್ವ ಮಾಡ್ಕೊಳಪ್ಪ’ ಅಂದನಂತೆ. ಓದಿದವಳು ನಾನಿದ್ದೇನಲ್ಲ ಎಂದು, ಬೆಂಗಳೂರಿನ ಅಂಗಡಿಗಳಿಗೆ ತರಕಾರಿ ಒದಗಿಸುವ ಒಂದು ಕಂಪನಿಗೆ ಬೂತಿನಿಂದ ನಾನೇ ಫೋನ್ ಮಾಡಿದೆ. ಭಾನುವಾರ ಬಂದು ನೋಡುತ್ತೇವೆ, ಹಿಡಿಸಿದರೆ ಅವತ್ತೇ ಲಾರಿಗೆ ಎಂದರು. ಇವರು ನಂಬಿದರು. ಪಕ್ಕದ ಹೊಲದ ಮುನಿಗಂಗಮ್ಮಕ್ಕನೂ ನಂಬಿದಳು. ಗಂಡನಿಲ್ಲದ ಹೆಂಗಸು, ಇರುವ ಅರ್ಧ ಎಕರೆಗೂ ಕ್ಯಾರೆಟ್ಟೇ ಹಾಕಿದ್ದಾಳೆ. ಅಮ್ಮನಿಲ್ಲದ ನನಗೆ ಬಾಣಂತನದಲ್ಲಿ ನೀರು ಹಾಕಿದವಳು ಅವಳೇ ಅಲ್ಲವೇ.

ಶನಿವಾರ ಕೀಳಿಸಿದೆ. ಅಷ್ಟಕ್ಕೇ ಸುಮ್ಮನಿರಬಾರದಿತ್ತೇ, ಎಲ್ಲವನ್ನೂ ತೊಟ್ಟಿಗೆ ಸುರಿಸಿ ತೊಳೆಸಿದೆ. ಬೆಂಗಳೂರಿನ ಅಂಗಡಿಗಳಲ್ಲಿ ಫಳಫಳ ಹೊಳೆಯುವುದನ್ನು ನೋಡಿದ್ದೆನಲ್ಲ. ಮುನಿಗಂಗಮ್ಮಕ್ಕ ‘ಮಣ್ಣಿರ್ಲಿ ಬಿಡು ತನುಜಮ್ಮ, ಮಣ್ಣಿದ್ರೆ ತಡೀತದೆ’ ಅಂದಳು. ‘ಸಿಟಿಯೋರು ಮಣ್ಣು ನೋಡಿದ್ರೆ ಮೂಗು ಮುರೀತಾರೆ ಕಣಕ್ಕ, ನಿಂಗೆ ಗೊತ್ತಾಗಲ್ಲ’ ಅಂದೆ. ಅಷ್ಟು ಧೈರ್ಯವಾಗಿ ಅಂದೆ ಅಣ್ಣಯ್ಯ. ಅವಳು ಸೀರೆ ಎತ್ತಿಕಟ್ಟಿ ತೊಟ್ಟಿಗಿಳಿದು, ತಾನು ಕಿತ್ತ ಕ್ಯಾರೆಟ್ಟನ್ನೂ ತುಳಿದು ತೊಳೆದಳು. ಭಾನುವಾರ ಯಾರೂ ಬರಲಿಲ್ಲ. ಕಂಪನಿಯವನು ಬಂದದ್ದು ಮಂಗಳವಾರ ಮಧ್ಯಾಹ್ನ. ಹಸಿ ಚೀಲದೊಳಗೆ ಕೈಯಿಟ್ಟವನು ತಟ್ಟನೆ ಹೊರಗೆಳೆದುಕೊಂಡ. ಒಳಗೆಲ್ಲ ಬಿಸಿ, ಲೋಳೆ. ‘ಮಣ್ಣಿದ್ದಂಗೇ ಇಟ್ಟಿದ್ರೆ ತಗೊಳ್ತಿದ್ವಿ ಮೇಡಂ, ತೊಳೆಯೋ ಮಿಷಿನ್ ನಮ್ಮತ್ರಾನೇ ಇದೆ’ ಅಂದ.

ಅದನ್ನು ಹಸುಗಳೂ ಮೂಸಿ ಬಿಟ್ಟವು. ನಮ್ಮ ಹೊಲದಲ್ಲಿ ಉಳಿದದ್ದಕ್ಕೆ ನಿನ್ನೆ ಇವರು ಕುರಿಮಂದೆ ಬಿಡಿಸಿದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮುನಿಗಂಗಮ್ಮಕ್ಕನೂ ಅನ್ನಲಿಲ್ಲ, ಎಂದಿನಂತೆ ಬಂದು ಮಗುವಿಗೆ ಎಣ್ಣೆ ತಿಕ್ಕಿ ಹೋದಳು. ಯಾರಾದರೂ ಬೈದಿದ್ದರೆ ಒಂದು ಗಳಿಗೆ ನಿದ್ದೆಯಾದರೂ ಬರುತ್ತಿತ್ತೋ ಏನೋ.

ನೀನು ಇದನ್ನೇ ಮನಸ್ಸಿಗೆ ಹಚ್ಚಿಕೊಂಡು ಕೂರಬೇಡ. ಅತ್ತಿಗೆಗೆ ನಮಸ್ಕಾರ ತಿಳಿಸು, ಮಕ್ಕಳಿಗೆ ಅತ್ತೆಯ ಮುತ್ತು.

ನಿನ್ನ ತಂಗಿ,
ತನುಜ

ವಿ.ಸೂ.: ಮುಖ್ಯವಾದದ್ದನ್ನೇ ಬರೆಯಲಿಲ್ಲ. ಮುನಿಗಂಗಮ್ಮಕ್ಕನ ಅರ್ಧ ಬೆಳೆ ಇನ್ನೂ ಮಣ್ಣಲ್ಲೇ ಇತ್ತು. ‘ನಂದೂ ಕುರಿಗೇ ಬಿಟ್ಬಿಡ್ಲೇನಮ್ಮ’ ಎಂದು ಬೆಳಿಗ್ಗೆ ಬಾಗಿಲಲ್ಲಿ ನಿಂತಳು. ಆ ಮುಖ ನೋಡಿ, ಮದರಾಸಿನ ನಮ್ಮಣ್ಣ ಎಲ್ಲವನ್ನೂ ತಗೊಳ್ತೀನಿ ಅಂದಿದ್ದಾನೆ ಎಂದುಬಿಟ್ಟೆ. ನಿಮ್ಮ ಮಂಡಿಗೆ ಮೂರು ಸಲ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಈ ಕಾಗದ ನಿನ್ನ ಕೈ ಸೇರಲು ಮೂರು ದಿನ ಬೇಕು. ನಿಜ ಹೇಳಿಬಿಡೋಣ ಎಂದು ಈಗ ಬದುವಿನ ತನಕ ಹೋಗಿದ್ದೆ. ಅಷ್ಟರಲ್ಲಿ ನಾಲ್ಕು ಸಾಲು ಕಿತ್ತು ಹಾಕಿದ್ದಳು. ‘ಲಾರಿ ಎಷ್ಟೊತ್ತಿಗಮ್ಮ’ ಅಂದಳು. ನಾಳೆ ಅಂದೆ. ಕೂತು ನಾನೂ ಒಂದು ಸಾಲು ಕಿತ್ತು ಬಂದೆ.