ಕೆಂಪಾನೆ ನುಗ್ಗಿದಾಗ ಕೂಗಿದ್ದು

ಯಡಿಯೂರು, ಬೆಂಗಳೂರು
೧೪ ಸೆಪ್ಟೆಂಬರ್ ೧೯೮೩

ಪ್ರೀತಿಯ ಸತ್ಯಭಾಮಾ,

ಮೊಂಬಾಸಾದಿಂದ ನಾನು ಹೊರಟಾಗ ನಿನಗಿದ್ದ ಕೆಮ್ಮು ಈಗ ಹೇಗಿದೆ? ಮೆಣಸಿನ ಕಷಾಯ ಮಾಡಿಕೊಡು ಅಂತ ಗುರುಬಸಪ್ಪನಿಗೆ ಹೇಳಿ ಬಂದಿದ್ದೆ. ನನ್ನ ಮಗನಿಗೆ ಅಕ್ಕರೆ ಇದೆ, ಜ್ಞಾಪಕ ಇಲ್ಲ. ನೀನೇ ಕೇಳಿ ಮಾಡಿಸಿಕೋ. ನಾನು ಸುಖವಾಗಿ ಮನೆ ಸೇರಿದೆ. ಪಕ್ಕದ ಮನೆಯ ಮುನಿಯಕ್ಕ ಬಿಸಿ ಅನ್ನ, ಸಾರು ಮಾಡಿಟ್ಟುಕೊಂಡು ಕಾದಿದ್ದಳು.

ಅವಳಿಗೆ ದಿನಾ ನೀವು ನನ್ನನ್ನು ಸುತ್ತಾಡಿಸಿದ ತ್ಸಾವೋ ಕಾಡಿನ ಕಥೆಯೇ ಆಗಬೇಕು. ಮೈಸೂರು ಝೂನಲ್ಲಿ ಬೋನೊಳಗೆ ಸಿಂಹ, ಅಲ್ಲಿ ವ್ಯಾನೆಂಬ ಬೋನೊಳಗೆ ನಾವು ಅಂದರೆ ನಂಬುವುದಿಲ್ಲ. ಕಣ್ಣು ಹಾಯುವಷ್ಟು ದೂರ ಒಣಹುಲ್ಲು, ಅದರ ನಡುವೆ ಯಾರ ಹಂಗೂ ಇಲ್ಲದೆ ಮೇಯುವ ಜೀಬ್ರಾಗಳು. ಜಿರಾಫೆ ಮುಳ್ಳಿನ ಮರದಿಂದ ಎಲೆ ಬಿಡಿಸಿದ್ದು ನಾನು ಸೊಪ್ಪು ಬಿಡಿಸುವುದಕ್ಕಿಂತ ಅಚ್ಚುಕಟ್ಟು. ಈ ವಯಸ್ಸಿನಲ್ಲಿ ಇದನ್ನೆಲ್ಲ ನೋಡುವ ಯೋಗ ಕೊಟ್ಟವರು ನೀವಿಬ್ಬರು. ನಿಮ್ಮ ರಜೆಯನ್ನೆಲ್ಲ ನನಗೇ ಕೊಟ್ಟಿರಿ. ನನಗೆ ತುಂಬಾ ಸಂತೋಷವಾಯಿತು, ಬಾಯಿಬಿಟ್ಟು ಹೇಳದೆ ಬಂದೆ ನೋಡು.

ಡ್ರೈವರ್ ಜುಮಾ ಬೆಳಗ್ಗೆಯಿಂದ ‘ಮಾಮ, ಮಾಮ’ ಅಂದಾಗ ನನಗೆ ರೇಗಿಹೋಗಿತ್ತು. ಸೀರೆ ಉಟ್ಟ ಹೆಂಗಸನ್ನು ಯಾರಾದರೂ ಮಾಮ ಅಂತಾರಾ? ಅವರ ಭಾಷೆಯಲ್ಲಿ ಅದು ತಾಯಿ ಅಂತ ನೀನು ನಕ್ಕು ಹೇಳಿದೆ. ನಾನೂ ನಕ್ಕೆ, ಆದರೆ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅವನು ಕಂಡ ಅರ್ಧ ದಿನಕ್ಕೇ ಕರೆದ. ನೀನು ಸೊಸೆಯಾಗಿ ಮೂರು ವರ್ಷವಾಯಿತು, ಅತ್ತೆ ಅಂತಲೂ ಇಲ್ಲ, ಅಮ್ಮ ಅಂತಲೂ ಇಲ್ಲ. ‘ಇಲ್ನೋಡಿ’, ‘ಕಾಫಿ ತರ್ಲಾ?’ ಅಷ್ಟೇ. ತಾಯಿಯಿಲ್ಲದೆ ಬೆಳೆದವಳು, ಆ ಮಾತು ಅವಳ ಬಾಯಿಗೆ ರೂಢಿಯಿಲ್ಲ ಅಂತ ಗುರು ಹೇಳಿದ್ದಾನೆ. ನಾನೇನೂ ಬೇಜಾರು ಮಾಡಿಕೊಂಡಿಲ್ಲ. ಸ್ವಲ್ಪ ಮಾಡಿಕೊಂಡಿದ್ದೆ.

ಆಮೇಲೆ ಆ ಆನೆಗಳು ಸಿಕ್ಕವಲ್ಲ! ಅಲ್ಲಿನ ಕೆಂಪು ಮಣ್ಣು ಎರಚಿಕೊಂಡು, ಬನಶಂಕರಿಯ ಹೊಸ ಬಡಾವಣೆಯಲ್ಲಿ ಪಾಯ ಅಗೆಯುವವರ ಹಾಗೆ ಮೈಯೆಲ್ಲ ಕೆಂಪು. ಮರಿ ನಮ್ಮ ವ್ಯಾನಿನ ಹತ್ತಿರ ಬಂದದ್ದೇ ತಡ, ತಾಯಾನೆ ಕಿವಿ ಅಗಲಿಸಿ ನುಗ್ಗಿತು. ನೀನು ‘ಅಮ್ಮಾ’ ಅಂತ ಕೂಗಿ ನನ್ನ ತೊಡೆಯಲ್ಲಿ ಮುಖ ಮುಚ್ಚಿಕೊಂಡೆ. ನಾನು ನಿನ್ನ ತಲೆಯ ಮೇಲೆ ಸೆರಗು ಹೊದಿಸಿದೆ. ಆನೆಗೆ ಸೆರಗು ಅಡ್ಡ ಹಿಡಿದವಳು ನಾನೊಬ್ಬಳೇ ಇರಬೇಕು. ಜುಮಾ ಗಾಡಿ ಹಿಂದಕ್ಕೆ ತೆಗೆದ, ಅದು ಮರಿಯನ್ನು ಸೊಂಡಿಲಿನಿಂದ ತಳ್ಳಿಕೊಂಡು ಹೊರಟುಹೋಯಿತು.

ಜುಮಾನಿಗೆ ಅವನ ಮಾಮ ಕೇಳಿದಳು ಅಂತ ಹೇಳು. ಶಿವ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ಇಂತಿ ನಿನ್ನ, ಏನಂತ ಬರೆಯಲಿ,
ನೀಲಗಂಗಮ್ಮ

ಮತ್ತೆ: ಮುನಿಯಕ್ಕ ಅಂಚೆಗೆ ಹಾಕಲು ಬಾಗಿಲಲ್ಲೇ ನಿಂತಿದ್ದಾಳೆ. ಹೆದರಿದಾಗ ಎಲ್ಲರೂ ಅಮ್ಮಾ ಅಂತಲೇ ಕೂಗುವುದು, ಗೊತ್ತು. ಕಾಲಿಗೆ ಮುಳ್ಳು ಚುಚ್ಚಿದರೂ ಅದೇ ಮಾತು. ಆದರೂ ಕೇಳುತ್ತೇನೆ, ಅವತ್ತು ನೀನು ಕರೆದದ್ದು ನನ್ನನ್ನೇನಾ? ನಾನಂತೂ ಓಗೊಟ್ಟಿದ್ದೆ. ‘ಇಲ್ಲೇ ಇದೀನಿ ಕಣೇ’ ಅಂದೆ. ಆ ಗಲಾಟೆಯಲ್ಲಿ ನಿನಗೆ ಕೇಳಿಸಿರಲಿಕ್ಕಿಲ್ಲ.